ಹುಟ್ಟದ ಹೆಣ್ಣುಮಕ್ಕಳ ಲೆಕ್ಕ ಎಲ್ಲಿ?

ಪ್ರಿಯ ಮಿತ್ರರೇ,

‘ಜನಸಂಖ್ಯೆಯೇ ಹಣೆಬರಹ’ ಎಂಬ ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ಮೊದಲ ಐದು ಪುಟ ತೆಗೆದುಬಿಡಿ. ಜನ ಹೆಚ್ಚಿದಂತೆ ಅನ್ನ ಸಾಲದಾಗುತ್ತದೆ ಎಂದ ಇಂಗ್ಲೆಂಡಿನ ಮಾಲ್ತಸ್‌ನಿಂದ ಶುರು ಮಾಡಿದ್ದೀರಿ, ಆಮೇಲೆ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್. ಜನ ಹೆಚ್ಚಾಗಿ 1970ರ ದಶಕದಲ್ಲಿ ಕೋಟಿ ಕೋಟಿ ಮಂದಿ ಹಸಿವಿನಿಂದ ಸಾಯುತ್ತಾರೆ ಎಂದು ಅವರು 1968ರಲ್ಲಿ ಬರೆದರು. ಹಾಗೆ ಆಗಲಿಲ್ಲ. ನೀವು ಅದನ್ನು ಹೇಳುವುದೇ ಇಲ್ಲ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಭಯ ತಿರುಗಿಬಿಟ್ಟಿದೆ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು, ನಮ್ಮ ಕರ್ನಾಟಕದಲ್ಲೂ 2019–21ರ ಸಮೀಕ್ಷೆಯ ಹೊತ್ತಿಗೇ 1.7ಕ್ಕೆ ಇಳಿದಿತ್ತು, ಇನ್ನು ನಮ್ಮ ಗತಿಯೇನು ಅಂತೀರಿ. ಜನ ಜಾಸ್ತಿಯಾದರೂ ಕೇಡು, ಕಡಿಮೆಯಾದರೂ ಕೇಡು ಅಂದರೆ ಓದುಗರು ಏನು ತಿಳಿದುಕೊಳ್ಳಬೇಕು? ಇಂಗ್ಲೆಂಡಿನವರೆಗೆ ಹೋದ ನಿಮಗೆ ಮೈಸೂರು ಕಾಣಲಿಲ್ಲವಲ್ಲ ಅನ್ನುವುದು ನನ್ನ ಬೇಸರ. ಜನನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆಯಲು ಈ ಸಂಸ್ಥಾನ 1930ರಲ್ಲೇ ಆದೇಶ ಹೊರಡಿಸಿತ್ತು.

ನಿಮ್ಮ ಲೇಖನಕ್ಕೆ ಜೀವ ಬರುವುದು ಆರನೇ ಪುಟದಲ್ಲಿ. ಮದ್ದೂರು ಕಡೆಯ ನಿಮ್ಮ ಚಿಕ್ಕಪ್ಪನ ಮಗ. ಮೂವತ್ತಾರು ವಯಸ್ಸು, ನಾಲೆ ನೀರಿನ ಎರಡೆಕರೆ ಕಬ್ಬು, ಮದುವೆ ಇಲ್ಲ. ಬ್ರೋಕರ್ ಮನೆಗೆ ಬಂದಾಗ ಚಿಕ್ಕಮ್ಮ ಮಗನ ಫೋಟೊಗಿಂತ ಮೊದಲು ಬೆಂಗಳೂರಿನ ಸೈಟಿನ ಪತ್ರ ತಂದು ತೋರಿಸುತ್ತಾರೆ. ಎಂಥಾ ವಾಕ್ಯ ಬರೆದಿದ್ದೀರಿ! ಅದರ ಪಕ್ಕದಲ್ಲೇ ‘ಈಗಿನ ಹುಡುಗಿಯರಿಗೆ ಕೊಬ್ಬು ಜಾಸ್ತಿ’ ಎಂದೂ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

ಬೆಳಗಾಗುವ ಮೊದಲು ಕೊಟ್ಟಿಗೆ ಕೆಲಸ, ಆಮೇಲೆ ಅಡುಗೆ, ಆಮೇಲೆ ಗದ್ದೆ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಅಮ್ಮ ಹೀಗೆ ಬದುಕಿದ್ದನ್ನು ನೋಡಿದ ಮಗಳು ಡಿಗ್ರಿ ಮಾಡಿ ಬೇರೆ ಬದುಕು ಬೇಕು ಅಂದರೆ ಅದು ಕೊಬ್ಬಾ? ಅವಳನ್ನು ಓದಿಸಿದವರು ನಾವೇ ಅಲ್ವಾ?

ಇನ್ನು ಹುಟ್ಟಲೇ ಇಲ್ಲದವರ ಮಾತು. ಅದರ ಬಗ್ಗೆ ನಿಮ್ಮಲ್ಲಿ ಒಂದಕ್ಷರವೂ ಇಲ್ಲ. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಎಂದು ಮಂಡ್ಯದಿಂದ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದರು. ಅದೇ ವರ್ಷದ ಕೊನೆಗೆ, ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣುಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲದ ಸುದ್ದಿ ಹೊರಬಂತು. ಬೆಲ್ಲ ಕಾಯಿಸುವ ಜಾಗ ಅದು. ಲಿಂಗಪತ್ತೆ ನಿಷೇಧದ ಕಾನೂನು ಬಂದದ್ದು 1994ರಲ್ಲಿ. ಅಂದರೆ ಆ ಹೊತ್ತಿಗಾಗಲೇ ಈ ರೋಗ ದೇಶದಲ್ಲಿ ಬೇರೂರಿತ್ತು. ಇವತ್ತು ನಿಮ್ಮ ಚಿಕ್ಕಮ್ಮ ಹುಡುಕುತ್ತಿರುವ ಸೊಸೆಯ ವಯಸ್ಸಿನವರು ಹುಟ್ಟಬೇಕಿದ್ದದ್ದೂ ಆ ಹೊತ್ತಿನಲ್ಲೇ. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಡಿ, ಸಾಕು. ನೀವು ವ್ಯಾಖ್ಯಾನ ಮಾಡಬೇಕಾಗಿಲ್ಲ.

ಜನಸಂಖ್ಯೆ ಸಮಾಜದ ನಾಳೆಯನ್ನು ರೂಪಿಸುತ್ತದಾ? ರೂಪಿಸುತ್ತದೆ, ಅದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಇಲ್ಲ. ಆದರೆ ಅದು ಮಳೆಯ ಹಾಗೆ ಮೇಲಿಂದ ಬೀಳುವುದಿಲ್ಲ. ಒಂದೊಂದು ಮನೆಯ ಒಳಗೆ ಬಾಗಿಲು ಹಾಕಿಕೊಂಡು ಮಾಡಿದ ತೀರ್ಮಾನಗಳೆಲ್ಲ ಸೇರಿ, ಮೂವತ್ತು ವರ್ಷದ ಮೇಲೆ ಬೇರೆಯವರ ಮಗನ ಮುಂದೆ ಬಂದು ನಿಲ್ಲುತ್ತವೆ. ಹಣೆಬರಹ ಅಂದುಬಿಟ್ಟರೆ ಬರೆದವರು ಯಾರು ಅಂತ ಕೇಳುವ ಹಾಗೇ ಇಲ್ಲ. ಅದಕ್ಕೇ ಆ ತಲೆಬರಹ ಬದಲಿಸಿ.

ಅಂಕಿ ಬೇಕಿದ್ದರೆ ಒಂದೇ ಒಂದು ಇಟ್ಟುಕೊಳ್ಳಿ. ಜನಗಣತಿಯಲ್ಲಿ ಮಂಡ್ಯ ಜಿಲ್ಲೆ 2001ಕ್ಕೆ ಸುಮಾರು 17.6 ಲಕ್ಷ, 2011ಕ್ಕೆ 18 ಲಕ್ಷ ಚಿಲ್ಲರೆ. ಪಕ್ಕದ ಮೈಸೂರು ಜಿಲ್ಲೆ ಅಷ್ಟೇ ಹೊತ್ತಿನಲ್ಲಿ 26.4 ಲಕ್ಷದಿಂದ 30 ಲಕ್ಷಕ್ಕೆ ಹೋಯಿತು. ಕೆಆರ್‌ಎಸ್ ನೀರು ಹರಿಯುವ ಜಿಲ್ಲೆ ಯಾಕೆ ಹೀಗೆ ನಿಂತಲ್ಲೇ ನಿಂತಿತು? ನಿಮ್ಮ ಬೀದಿಯಲ್ಲಿ ಬೀಗ ಹಾಕಿರುವ ಮನೆಗಳ ಮುಂದೆ ನಿಂತು, ಯಾರು ಯಾವಾಗ ಬೆಂಗಳೂರಿಗೆ ಹೋದರು ಅಂತ ವಿಚಾರಿಸಿ ಬರೆಯಿರಿ.

ನಿಮ್ಮ ಚಿಕ್ಕಮ್ಮನ ಹತ್ತಿರವೂ ಕೂತು ಮಾತಾಡಿ. ಮಗನ ವಿಷಯ ಬೇಡ, ಅವರ ಬಸಿರು ಬಾಣಂತನದ ಕಾಲದಲ್ಲಿ ಊರಲ್ಲಿ ಏನು ನಡೆಯುತ್ತಿತ್ತು ಕೇಳಿ. ಅವರು ಹೇಳಲು ಇಷ್ಟಪಡದಿದ್ದರೆ ಒತ್ತಾಯ ಬೇಡ. ಹೇಳಿದರೆ ಅವರದೇ ಮಾತಿನಲ್ಲಿ ಬರೆಯಿರಿ. ಊರಿನ ಹೆಸರು ಬೇಡ, ಚಿಕ್ಕಪ್ಪನ ಮಗನ ವಯಸ್ಸನ್ನೂ ಸ್ವಲ್ಪ ಬದಲಿಸಿ. ಮೂರು ಪುಟ ಸಾಕು. ದೀಪಾವಳಿಯೊಳಗೆ ಕಳಿಸಿದರೆ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ, ಮೈಸೂರು