ತುಂಬಿದ ಸಭೆಯಲ್ಲಿ ಕಳ್ಳಿ ಪಟ್ಟ

ಪ್ರಶ್ನೆ: ನಾವು ನೋಡುವ ಧಾರಾವಾಹಿಯಲ್ಲಿ ತಂಗಿಯೇ ಅಕ್ಕನ ಬ್ಯಾಗಿನಲ್ಲಿ ಸರ ಬಚ್ಚಿಟ್ಟು, ನಿಶ್ಚಿತಾರ್ಥದ ದಿನ ನೆಂಟರೆದುರು ಕಳ್ಳಿ ಅನ್ನಿಸಿದಳು. ವಾರದಿಂದ ಅದೇ ನಡೀತಿದೆ, ಅಕ್ಕ ಬಾಯಿ ಬಿಡ್ತಿಲ್ಲ. 'ಹೆಣ್ಣಿಗೆ ಇಷ್ಟು ತಾಳ್ಮೆ ಇರಬೇಕು' ಅಂತಾರೆ ಅತ್ತೆ. ಏಳನೇ ಕ್ಲಾಸಿನ ಮಗಳು ಪಕ್ಕದಲ್ಲೇ ಕೂತಿರ್ತಾಳೆ. ಏನು ಮಾಡಲಿ ಮೇಡಂ?
—ಗೃಹಿಣಿ, ಸಕಲೇಶಪುರ

ಉತ್ತರ: ತಂಗಿಯ ದ್ರೋಹಕ್ಕಿಂತ ನನಗೆ ಸಿಟ್ಟು ಬರುವುದು ಅಕ್ಕನ ಆ ಮೌನದ ಮೇಲೆ. ಅದು ತಾಳ್ಮೆಯಲ್ಲ. ಅವಳು 'ಸರ ನಾನು ಮುಟ್ಟಿಲ್ಲ, ಬ್ಯಾಗ್ ಯಾರ ಕೈಲಿತ್ತು ಕೇಳಿ' ಅಂದರೆ ಕಥೆ ಅಂದೇ ಮುಗಿಯುತ್ತದೆ. ರೇಟಿಂಗ್ ಪ್ರತಿ ಗುರುವಾರ ಬರುತ್ತದೆ. ಅದಕ್ಕಾಗಿ ಅವಮಾನವನ್ನು ಹಿಗ್ಗಿಸುತ್ತಾರೆ, ಒಬ್ಬೊಬ್ಬರ ಮುಖಕ್ಕೂ ಗುಡುಗಿನ ಸದ್ದು ಹಾಕುತ್ತಾರೆ. ಇದನ್ನು ಮಗಳಿಗೆ ಬಿಡಿಸಿ ಹೇಳಿ. 'ನೀನಾಗಿದ್ದರೆ ಏನನ್ನುತ್ತಿದ್ದೆ?' ಅಂತ ಜಾಹೀರಾತಿನ ನಡುವೆ ಅತ್ತೆಯ ಎದುರೇ ಕೇಳಿ. ಹಿರಿಯರ ಮುಂದೆ ಟಿವಿ ಆರಿಸಿದರೆ ಜಗಳವಷ್ಟೇ ಉಳಿಯುತ್ತದೆ.

ನಮ್ಮ ಹಾಸನದ ಛತ್ರಗಳಲ್ಲೂ ಒಡವೆ ಕಾಣದಿದ್ದರೆ ಮೊದಲು ಕಣ್ಣು ಹೋಗುವುದು ಪಾತ್ರೆ ತೊಳೆಯುವವಳ ಮೇಲೆ. ಅವಳ ಪರ ಯಾರೂ ಏಳುವುದಿಲ್ಲ, ನನಗದು ಸಹಿಸಲಾಗದ ಸಂಗತಿ.

ಮನೆಯಲ್ಲಿ ನಿಜವಾಗಿ ಯಾರಾದರೂ ಹೆಣ್ಣುಮಗಳನ್ನು ಹೀಗೆ ಹಂಗಿಸಿ ಅವಮಾನಿಸುತ್ತಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಧಾರಾವಾಹಿಯ ಬಗ್ಗೆ ವಾಹಿನಿಗೇ ಲಿಖಿತ ದೂರು ಕೊಡಿ. 2021ರ ಕೇಬಲ್ ಟಿವಿ ನಿಯಮದಂತೆ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಸಂಚಿಕೆಯ ದಿನಾಂಕ, ಸಮಯ, ಆ ಮಾತುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.