ಹಿಂಬಾಗಿಲಿನ ಪವರ್ ಗಾಜು ಕದಲುತ್ತಿಲ್ಲವೇ? ಮೋಟಾರ್ ತರಿಸುವ ಮುನ್ನ ಇದನ್ನು ನೋಡಿ

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. 1989ರ ಫೋರ್ಡ್ ಬ್ರಾಂಕೋ ಎಸ್‌ಯುವಿಯ ಹಿಂಬಾಗಿಲಿನ ಗಾಜು ಮೇಲೆಯೇ ನಿಂತುಬಿಟ್ಟಿದೆ, ಸ್ವಿಚ್ ಒತ್ತಿದರೆ ಹಿಂದುಗಡೆ ಒಮ್ಮೆ ‘ಟಕ್’ ಎನ್ನುತ್ತದೆ, ಒಳಗಿನ ದೀಪ ತುಸು ಮಂಕಾಗುತ್ತದೆ, ಗಾಜು ಮಾತ್ರ ಕದಲುವುದಿಲ್ಲ, ಗಾಜು ಇಳಿಯದ ಕಾರಣ ಬಾಗಿಲನ್ನೂ ತೆರೆಯಲಾಗುತ್ತಿಲ್ಲ ಎಂದಿದ್ದೀರಿ. ಮೋಟಾರ್ ಸುಟ್ಟಿದೆ ಎಂದು ಎಲ್ಲರೂ ಹೇಳುತ್ತಿರುವುದರಿಂದ ಹೊಸದನ್ನು ತರಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ತರಿಸಬೇಡಿ. ಮಂಕಾಗುವ ಆ ದೀಪ ಬೇರೆಯದೇ ಸಾಕ್ಷಿ ಹೇಳುತ್ತಿದೆ.

ದೀಪ ಮಂಕಾಗಬೇಕಾದರೆ ಎಲ್ಲೋ ಭಾರೀ ಕರೆಂಟ್ ಹರಿಯುತ್ತಿರಬೇಕು. ತಂತಿ ತುಂಡಾಗಿದ್ದರೆ, ಸ್ವಿಚ್ ಕೆಟ್ಟಿದ್ದರೆ, ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್‌ಗಳು ಪೂರ್ತಿ ಸವೆದಿದ್ದರೆ ದೀಪಕ್ಕೆ ಏನೂ ಆಗುತ್ತಿರಲಿಲ್ಲ. ಇಂಥ ಮೋಟಾರು ಸರಾಗವಾಗಿ ತಿರುಗುವಾಗ ಎಳೆಯುವ ಕರೆಂಟ್ ಕಡಿಮೆ. ತಿರುಗಲು ಹೊರಟು ತಿರುಗಲಾಗದೆ ನಿಂತಾಗ ಅದರ ಹಲವು ಪಟ್ಟು ಎಳೆಯುತ್ತದೆ. ಆ ‘ಟಕ್’ ಎಂಬುದು ಹಲ್ಲುಚಕ್ರಗಳ ನಡುವಿನ ಸಡಿಲ ಮುಗಿದು ಮೋಟಾರು ಬಿಗಿಯಾಗಿ ನಿಲ್ಲುವ ಸದ್ದು. ಅಂದರೆ ನಿಮ್ಮ ಮೋಟಾರು ಬಹುಮಟ್ಟಿಗೆ ಬದುಕಿದೆ, ಅದನ್ನು ಯಾವುದೋ ಹಿಡಿದು ನಿಲ್ಲಿಸಿದೆ. ಹಿಡಿದಿರುವುದು ಗಾಜು ಜಾರುವ ಎರಡು ಬದಿಯ ಓಡುಗಾಲುವೆಯ ಒಣಗಿದ ರಬ್ಬರ್ ಇರಬಹುದು, ತುಕ್ಕು ಹಿಡಿದ ರೆಗ್ಯುಲೇಟರ್ (ಗಾಜನ್ನು ಏರಿಸಿ ಇಳಿಸುವ ತೋಳುಗಳ ಜೋಡಣೆ) ಇರಬಹುದು, ಮೋಟಾರಿನದೇ ಹಲ್ಲುಪೆಟ್ಟಿಗೆ ಇರಬಹುದು. ಒಂದು ಅಪವಾದವಿದೆ: ಸುಲಿದ ತಂತಿ ಬಾಡಿಗೆ ತಗುಲಿ ಶಾರ್ಟ್ ಆಗುತ್ತಿದ್ದರೂ ದೀಪ ಮಂಕಾಗುತ್ತದೆ. ಆದರೆ ಆಗ ಹಿಂಬಾಗಿಲಿನ ಒಳಗಿನಿಂದ ‘ಟಕ್’ ಬರುವ ಸಾಧ್ಯತೆ ಕಡಿಮೆ. ಒಬ್ಬರು ಸ್ವಿಚ್ ಒತ್ತುವಾಗ ಇನ್ನೊಬ್ಬರು ಹಿಂಬಾಗಿಲಿನ ಒಳಫಲಕಕ್ಕೆ ಅಂಗೈ ಇಟ್ಟು ನೋಡಲಿ. ಮೋಟಾರಿನ ಒದೆತ ಕೈಗೆ ತಿಳಿಯುತ್ತದೆ.

ಮೊದಲು ಮಾಡಬೇಕಾದದ್ದು ಬಿಚ್ಚುವುದಲ್ಲ. ಎಂಜಿನ್ ಚಾಲೂ ಮಾಡಿ. ನಿಂತ ವಾಹನದ ಬ್ಯಾಟರಿ 12.5 ವೋಲ್ಟ್ ಆಸುಪಾಸಿನಲ್ಲಿರುತ್ತದೆ, ಆಲ್ಟರ್ನೇಟರ್ ತಿರುಗಿದಾಗ 14ರ ಹತ್ತಿರ ಬರುತ್ತದೆ. ಸೋತ ಮೋಟಾರಿಗೆ ಆ ಒಂದೂವರೆ ವೋಲ್ಟ್ ದೊಡ್ಡದೇ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ವಾಹನ ಬಯಲಿನಲ್ಲಿರಲಿ, ಗ್ಯಾರೇಜಿನೊಳಗೆ ಬೇಡ. ಗಾಜಿನ ಎರಡೂ ಅಂಚಿನ ಓಡುಗಾಲುವೆಗಳಿಗೆ ಮತ್ತು ಗಾಜು ಬಾಗಿಲೊಳಗೆ ಇಳಿಯುವ ಸೀಳಿನ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ ಬೇಡ. ಪೆಟ್ರೋಲಿಯಂ ಎಣ್ಣೆಗಳು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ, ಮೇಲಿಂದ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತವೆ. ನಂತರ ಒಬ್ಬರು ಹೊರಗಿನಿಂದ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಕೆಳಕ್ಕೆ ತಳ್ಳುತ್ತಿರಲಿ, ಇನ್ನೊಬ್ಬರು ಸ್ವಿಚ್ಚನ್ನು ಎರಡು ಮೂರು ಸೆಕೆಂಡ್ ಒತ್ತಿ ಬಿಡಲಿ. ತಳ್ಳುವ ಬಲ ಎರಡೂ ಬದಿಗೆ ಸಮನಾಗಿರಲಿ, ಇಲ್ಲದಿದ್ದರೆ ಗಾಜು ಓರೆಯಾಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಮೇಲಕ್ಕೆ ಒಮ್ಮೆ, ಕೆಳಕ್ಕೆ ಒಮ್ಮೆ ಒತ್ತುವುದೂ ಒಳ್ಳೆಯದು; ಕೂದಲೆಳೆಯಷ್ಟು ಅಲುಗಿದರೂ ಹಿಡಿತ ಸಡಿಲವಾಗತೊಡಗುತ್ತದೆ.

ಸ್ವಿಚ್ ಒತ್ತದೆ ಬರಿಯ ಕೈಬಲದಿಂದ ಗಾಜನ್ನು ಇಳಿಸುತ್ತೇನೆಂದು ಹೊರಡಬೇಡಿ, ಅದು ಆಗದ ಕೆಲಸ. ಮೋಟಾರಿನ ತುದಿಯಲ್ಲಿರುವುದು ತಿರುಪಿನಂಥ ವರ್ಮ್ ಗೇರ್. ಅದು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಅದನ್ನು ತಿರುಗಿಸಲಾರದು. ಗಾಜು ತಾನಾಗಿ ಜಾರಿ ಬೀಳದಿರುವುದು, ಕಳ್ಳನ ಕೈಗೆ ಬಗ್ಗದಿರುವುದು ಇದರಿಂದಲೇ.

ಹೀಗೆ ಒತ್ತುತ್ತಿದ್ದಂತೆ ಇದ್ದಕ್ಕಿದ್ದಂತೆ ಎಲ್ಲವೂ ಮೌನವಾಗಿ, ‘ಟಕ್’ ಕೂಡ ನಿಂತುಹೋದರೆ ಗಾಬರಿಯಾಗಬೇಡಿ. ಇಂಥ ಹಳೆಯ ವಾಹನಗಳಲ್ಲಿ ಪವರ್ ಗಾಜಿನ ಸರ್ಕ್ಯೂಟಿಗೆ ಫ್ಯೂಸ್ ಬದಲು ಬಿಸಿಯಾದಾಗ ಬಿಟ್ಟುಕೊಂಡು ತಣಿದಾಗ ತಾನೇ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಇರುವುದು ಸಾಮಾನ್ಯ. ತುಸು ಹೊತ್ತು ಕಾದರೆ ಮರಳುತ್ತದೆ. ‘ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಇಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಬ್ರೇಕರಿನ ಆಟವೇ. ಅದನ್ನು ತೆಗೆದು ನೇರ ತಂತಿ ಜೋಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸಿಕ್ಕಿಕೊಂಡ ಮೋಟಾರಿಗೂ ಬೆಂಕಿಗೂ ನಡುವೆ ನಿಂತಿರುವುದು ಅದೊಂದೇ.

ಇಷ್ಟಕ್ಕೆ ಗಾಜು ಇಳಿದರೆ ಬಾಗಿಲು ತೆರೆದು ನೆಮ್ಮದಿಯಾಗಿ ಕೆಲಸ ಮಾಡಬಹುದು. ಇಳಿಯದಿದ್ದರೆ ಒಳಗಿನಿಂದ ಹೋಗಬೇಕು. ಹಿಂದಿನ ಸೀಟನ್ನು ಮಡಚಿ, ಸಾಮಾನಿನ ಜಾಗದಲ್ಲಿ ಕುಳಿತು ಹಿಂಬಾಗಿಲಿನ ಒಳಫಲಕದ ಸ್ಕ್ರೂಗಳನ್ನು ಬಿಚ್ಚಿ. ಅದರ ಹಿಂದೆ ಲೋಹದ ಮುಚ್ಚಳವೊಂದಿದೆ, ಅದನ್ನೂ ತೆಗೆಯಿರಿ. ತುಕ್ಕು ಹಿಡಿದ ಸ್ಕ್ರೂಗಳಿಗೆ ಮೊದಲೇ ಪೆನಿಟ್ರೇಟಿಂಗ್ ಆಯಿಲ್ ಹಾಕಿಡಿ. ತಲೆ ಸವೆದ ಒಂದು ಸ್ಕ್ರೂ ಇಡೀ ಕೆಲಸಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಮುಚ್ಚಳ ತೆಗೆದ ಮೇಲೆ ಮೋಟಾರು, ರೆಗ್ಯುಲೇಟರಿನ ತೋಳುಗಳು, ಹಿಡಿಯ ಕಡ್ಡಿಗಳು, ಗಾಜು ಮೇಲಿದ್ದಾಗ ಹಿಡಿಯನ್ನು ತಡೆಯುವ ಲಿವರ್ ಎಲ್ಲವೂ ಕಾಣುತ್ತವೆ.

ಈಗ ಮೋಟಾರಿನ ಪ್ಲಗ್ ಕಳಚಿ. ಅದರ ಎರಡು ತಂತಿಗಳಿಗೆ 20 ಆಂಪಿಯರ್ ಫ್ಯೂಸ್ ಇರುವ ದಪ್ಪ ತಂತಿಯಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಕೊಡಿ. ತಂತಿಗಳನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಬೆರಳು ರೆಗ್ಯುಲೇಟರಿನ ಹತ್ತಿರ ಇರಬಾರದು. ನೇರ ಕರೆಂಟಿಗೆ ಗಾಜು ಸರಾಗವಾಗಿ ಇಳಿದರೆ ತಪ್ಪು ಮೋಟಾರಿನದ್ದೂ ಅಲ್ಲ, ಗಾಜಿನದ್ದೂ ಅಲ್ಲ, ಕರೆಂಟ್ ಬರುವ ದಾರಿಯದ್ದು. ಇದಕ್ಕೂ ‘ಟಕ್’ ಎಂದು ನಿಂತು ಅಲುಗದಿದ್ದರೆ ಬಹುಮಟ್ಟಿಗೆ ಬಿಗಿತ ಯಾಂತ್ರಿಕವಾದದ್ದೇ.

ಯಾಂತ್ರಿಕ ಬಿಗಿತವಾದರೆ ಮೋಟಾರನ್ನು ಬಿಚ್ಚಿ ಬೇರೆ ಮಾಡಿ ನೋಡಬೇಕಾಗುತ್ತದೆ. ಇಲ್ಲಿ ನಿಲ್ಲಿ. ರೆಗ್ಯುಲೇಟರಿನಲ್ಲಿ ಗಾಜಿನ ಭಾರವನ್ನು ಹೊರಲು ಬಲವಾದ ಸುರುಳಿ ಸ್ಪ್ರಿಂಗ್ ಇದೆ. ಅದನ್ನು ತಡೆದು ಹಿಡಿದಿರುವುದು ಮೋಟಾರಿನ ಹಲ್ಲುಗಳೇ. ಹಾಗೆಯೇ ಬೋಲ್ಟ್ ಬಿಚ್ಚಿದರೆ ಆ ಹಲ್ಲುಗಳಿಗೆ ಕೂಡಿಕೊಂಡಿರುವ ರೆಗ್ಯುಲೇಟರಿನ ಹಲ್ಲುಪಟ್ಟಿ ಚಂಗನೆ ತಿರುಗಿ ಬೆರಳನ್ನು ಕತ್ತರಿಸಬಲ್ಲದು. ಇದು ಹೆದರಿಸಲು ಹೇಳುವ ಮಾತಲ್ಲ. ಹಲ್ಲುಪಟ್ಟಿಯನ್ನು ಅದರ ಆಧಾರ ತಗಡಿಗೆ ಸೇರಿಸಿ ಗಟ್ಟಿಯಾದ ಸಿ-ಕ್ಲಾಂಪ್ ಬಿಗಿಯಿರಿ, ಅಥವಾ ಎರಡರ ಮೂಲಕವೂ ತೂತಿನಲ್ಲಿ ಬೋಲ್ಟ್ ತೂರಿಸಿ ನಟ್ ಹಾಕಿ. ಗಾಜು ಮೇಲಿದ್ದಾಗ ಸ್ಪ್ರಿಂಗಿನ ಬಿಗಿ ಕಡಿಮೆ ಎಂಬುದು ನಿಜ, ಹಾಗೆಂದು ಅದನ್ನು ನಂಬಿ ಕೈ ಹಾಕುವಂತಿಲ್ಲ. ಗಾಜಿಗೂ ಮೇಲಿನಿಂದ ಬಲವಾದ ಟೇಪ್ ಅಂಟಿಸಿ ಅಥವಾ ಕೆಳಗಿನಿಂದ ಮರದ ತುಂಡು ಕೊಟ್ಟು ಆಸರೆ ಮಾಡಿ.

ಹೊರತೆಗೆದ ಮೋಟಾರಿಗೆ ಕರೆಂಟ್ ಕೊಟ್ಟಾಗ ತಿರುಗಿದರೂ ಅದರ ಹಲ್ಲುಚಕ್ರ ಒರಟಾಗಿ ಸಿಕ್ಕಿಕೊಳ್ಳುತ್ತಿದ್ದರೆ ಹಲ್ಲುಪೆಟ್ಟಿಗೆಯ ಮುಚ್ಚಳ ತೆಗೆಯಿರಿ. ಆ ಕಾಲದ ಫೋರ್ಡ್ ಗಾಜಿನ ಮೋಟಾರುಗಳಲ್ಲಿ ದೊಡ್ಡ ಚಕ್ರದೊಳಗೆ ಮೂರು ಪುಟ್ಟ ಪ್ಲಾಸ್ಟಿಕ್ ಗುಂಡುಗಳಿರುತ್ತವೆ, ಆಘಾತ ತಡೆಯಲು. ವಯಸ್ಸಾದಂತೆ ಅವು ಪುಡಿಯಾಗುತ್ತವೆ. ಪುಡಿ ಹೊರಗೆ ಉದುರಿದರೆ ಮೋಟಾರು ‘ಗುಂಯ್’ ಎಂದು ತಿರುಗುತ್ತದೆ, ಗಾಜು ಕದಲುವುದಿಲ್ಲ. ಪುಡಿ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ನಿಮ್ಮಲ್ಲಿ ಆಗುತ್ತಿರುವಂತೆ ‘ಟಕ್’ ಎಂದು ನಿಲ್ಲುತ್ತದೆ. ಗುಂಡುಗಳು ಬಿಡಿಯಾಗಿ ಸಿಗುತ್ತವೆ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಹೊಸ ಗುಂಡು, ಹೊಸ ಗ್ರೀಸ್ ಹಾಕಿದರೆ ಸಾಕು. ಅವುಗಳ ಜಾಗದಲ್ಲಿ ಉಕ್ಕಿನ ನಟ್ಟುಗಳನ್ನು ತುರುಕುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಗಾಜು ತುದಿ ಮುಟ್ಟಿದಾಗಿನ ಒದೆತವನ್ನು ಪ್ಲಾಸ್ಟಿಕ್ ನುಂಗುತ್ತಿತ್ತು. ಉಕ್ಕು ಅದನ್ನು ನೇರವಾಗಿ ಚಕ್ರದ ಹಲ್ಲುಗಳಿಗೆ ದಾಟಿಸುತ್ತದೆ.

ಮೋಟಾರು ಹೊರಗೆ ಸಲೀಸಾಗಿ ತಿರುಗಿದರೆ ಅಪರಾಧಿ ಗಾಜಿನ ದಾರಿ. ರೋಲರುಗಳು ತಮ್ಮ ಕಾಲುವೆಯಲ್ಲಿ ಉರುಳುತ್ತಿವೆಯೇ, ತೋಳುಗಳು ಕೂಡುವ ಗೂಟ ತುಕ್ಕು ಹಿಡಿದಿದೆಯೇ ನೋಡಿ. ಲೋಹಕ್ಕೆ ಬಿಳಿ ಲಿಥಿಯಂ ಗ್ರೀಸ್, ರಬ್ಬರಿಗೆ ಸಿಲಿಕೋನ್. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಗಾಜಿನ ಸೀಳಿನ ರಬ್ಬರ್ ಗಡುಸಾದ ಮೇಲೆ ಒಳಗೆ ನೀರು ಇಳಿದೇ ಇಳಿಯುತ್ತದೆ. ತೂತು ಮುಚ್ಚಿದ್ದರೆ ಅದು ನಿಂತು ರೆಗ್ಯುಲೇಟರನ್ನೂ ಬಾಗಿಲ ತಗಡನ್ನೂ ತಿನ್ನುತ್ತದೆ. ರಬ್ಬರ್ ಸೀಳಿದ್ದರೆ ಸ್ಪ್ರೇಯಿಂದ ಪ್ರಯೋಜನವಿಲ್ಲ, ಓಡುಗಾಲುವೆಯ ರಬ್ಬರನ್ನೇ ಬದಲಿಸಿ.

ಇನ್ನು ಕರೆಂಟಿನ ದಾರಿ. ನೇರ ಕರೆಂಟಿಗೆ ಗಾಜು ಇಳಿದರೆ ಮಾತ್ರ ಇದು ನಿಮಗೆ ಬೇಕು, ಆದರೆ ಇದೇ ಪ್ರಶ್ನೆ ಹುಡುಕಿಕೊಂಡು ಬರುವ ಬೇರೆಯವರಲ್ಲಿ ಬಹಳ ಮಂದಿಯ ತೊಂದರೆ ಇಲ್ಲಿಯೇ ಇರುತ್ತದೆ. ಬ್ಯಾಟರಿಯಿಂದ ಮುಂದಿನ ಸ್ವಿಚ್ಚಿಗೆ, ಅಲ್ಲಿಂದ ವಾಹನದ ಉದ್ದಕ್ಕೂ ಹಿಂದೆ, ಬಾಗಿಲಿನ ಬೀಗದ ಕೀಲಿ ಸ್ವಿಚ್ಚು, ಲ್ಯಾಚಿನ ಸುರಕ್ಷಾ ಸ್ವಿಚ್ಚು, ಕೊನೆಗೆ ಮೋಟಾರು. ಪ್ರತಿ ಜೋಡಣೆಯೂ ಒಂದಿಷ್ಟು ವೋಲ್ಟ್ ನುಂಗುತ್ತದೆ. ದಾರಿಯಲ್ಲಿ ಅರ್ಧ ಓಮ್ ತಡೆ ಸೇರಿಕೊಂಡರೂ 10 ಆಂಪಿಯರ್ ಹರಿಯುವಾಗ 5 ವೋಲ್ಟ್ ಮಾಯ. ಮೋಟಾರಿಗೆ ಉಳಿಯುವುದು ಏಳು. ಪ್ಲಗ್ ಕಳಚಿ ಮಲ್ಟಿಮೀಟರ್ ಹಿಡಿದು ‘12 ವೋಲ್ಟ್ ಬರುತ್ತಿದೆ, ಹಾಗಾಗಿ ಮೋಟಾರೇ ಕೆಟ್ಟಿದೆ’ ಎಂದು ತೀರ್ಮಾನಿಸುವವರು ಎಡವುವುದು ಇಲ್ಲಿ. ನಲ್ಲಿ ಮುಚ್ಚಿರುವಾಗ ಕಸ ಕಟ್ಟಿದ ಕೊಳವೆಯಲ್ಲೂ ಒತ್ತಡ ಪೂರ್ತಿ ಇರುತ್ತದೆ, ಬಿಟ್ಟಾಗ ಹನಿಯುತ್ತದೆ ಅಷ್ಟೆ. ಒಂದೇ ಎಳೆ ಉಳಿದ ತಂತಿಯೂ ಮೀಟರಿಗೆ 12 ತೋರಿಸಬಲ್ಲದು. ಆದ್ದರಿಂದ ಪ್ಲಗ್ ಜೋಡಿಸಿಯೇ, ಸ್ವಿಚ್ ಒತ್ತಿರುವಾಗಲೇ, ಪ್ಲಗ್ಗಿನ ಹಿಂಬದಿಯಿಂದ ಅಳೆಯಿರಿ. ಅಥವಾ ಮೋಟಾರಿನ ಬದಲು 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಅದು ಪ್ರಖರವಾಗಿ ಉರಿದರೆ ದಾರಿ ಸರಿ, ಕೆಂಪಗೆ ಮಿಣುಕಿದರೆ ದಾರಿಯಲ್ಲಿ ತೊಂದರೆ.

ತಂತಿ ಮುರಿಯುವುದು ಸಾಮಾನ್ಯವಾಗಿ ಬಾಡಿಯಿಂದ ಬಾಗಿಲಿಗೆ ದಾಟುವ, ಪ್ರತಿ ಸಲ ಬಾಗುವ ಜಾಗದಲ್ಲಿ. ಮೇಲಿನ ಹೊದಿಕೆ ನೆಟ್ಟಗಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ರಬ್ಬರ್ ಕೊಳವೆ ಸರಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆಯಿರಿ, ತುಂಡಾದದ್ದು ಹಿಗ್ಗುತ್ತದೆ. ಬಾಗುವ ಜಾಗದಲ್ಲೇ ಬೆಸುಗೆ ಹಾಕಬೇಡಿ. ಬೆಸುಗೆ ಹೀರಿದ ತಂತಿ ಕಡ್ಡಿಯಂತೆ ಬಿರುಸಾಗಿ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಸಣ್ಣ ಎಳೆಗಳ ಮೆತುವಾದ ತಂತಿಯನ್ನು ಉದ್ದಕ್ಕೆ ತೆಗೆದುಕೊಂಡು ಜೋಡಣೆಗಳು ಬಾಗುವಿಕೆಯ ಎರಡೂ ಕಡೆ ದೂರದಲ್ಲಿ ಬರುವಂತೆ ಮಾಡಿ. ಸ್ವಿಚ್ಚಿನಿಂದ ಮೋಟಾರಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿಸಿ ಎಂಬ ಸಲಹೆಯನ್ನು ನೀವು ಎಲ್ಲೆಡೆ ಓದುವಿರಿ. ಉದ್ದ ದಾರಿಯ ವೋಲ್ಟ್ ನಷ್ಟಕ್ಕೆ ಅದು ಒಳ್ಳೆಯ ಮದ್ದು. ಬಿಗಿಯಾಗಿ ಸಿಕ್ಕಿಕೊಂಡ ಗಾಜಿಗೆ ಮಾತ್ರ ರಿಲೇ ಹಾಕಿ ಬಲ ಹೆಚ್ಚಿಸಬೇಡಿ. ಮೊದಲು ಮುರಿಯುವುದು ರೆಗ್ಯುಲೇಟರೋ ಗಾಜೋ ಎಂಬ ಪಂದ್ಯ ಯಾರಿಗೂ ಲಾಭ ತರದು.

ಬಾಗಿಲು ತೆರೆದಿಟ್ಟು ಪರೀಕ್ಷಿಸುವಾಗ ಇನ್ನೊಂದು ಮಾತು ನೆನಪಿರಲಿ. ತೆರೆದ ಬಾಗಿಲಿನಲ್ಲಿ ಸ್ವಿಚ್ ಒತ್ತಿದರೆ ಗಾಜು ಏಳುವುದಿಲ್ಲ. ಕೆಟ್ಟದ್ದರಿಂದಲ್ಲ, ಲ್ಯಾಚಿನ ಸುರಕ್ಷಾ ಸ್ವಿಚ್ ತಡೆಯುವುದರಿಂದ. ಪರೀಕ್ಷೆಗಾಗಿ ಸ್ಕ್ರೂ ಡ್ರೈವರಿನಿಂದ ಲ್ಯಾಚನ್ನು ಮುಚ್ಚಿದ ಸ್ಥಿತಿಗೆ ತಿರುಗಿಸಬಹುದು. ಬಾಗಿಲು ಮುಚ್ಚುವ ಮೊದಲು ಗಾಜನ್ನು ಪೂರ್ತಿ ಇಳಿಸಿ, ಹಿಡಿ ಎಳೆದು ಲ್ಯಾಚ್ ಬಿಡಿಸಿಕೊಳ್ಳಿ. ಮರೆತು ಬಡಿದರೆ ಲ್ಯಾಚ್ ಬಾಗುತ್ತದೆ. ಈ ಸ್ವಿಚ್ ಕೆಟ್ಟಿದ್ದರೆ ಶಾಶ್ವತವಾಗಿ ಜೋಡಿಸಿ ಮರೆತುಬಿಡುವುದು ಸುಲಭ, ಆದರೆ ಎದ್ದ ಗಾಜಿನೊಂದಿಗೆ ಬಾಗಿಲನ್ನು ಬೀಳಿಸಿದ ದಿನ ಅದರ ಬೆಲೆ ತಿಳಿಯುತ್ತದೆ. ಹೊಸ ಸ್ವಿಚ್ ಹಾಕಿ.

ರಿಪೇರಿ ಮುಗಿಯುವವರೆಗೆ ಗಾಜು ಕೆಳಗೆ ಉಳಿದುಹೋದರೆ ಹಾಗೆಯೇ ವಾಹನ ಓಡಿಸಬೇಡಿ. ಓಡುವ ವಾಹನದ ಹಿಂದೆ ಗಾಳಿಯ ಒತ್ತಡ ತಗ್ಗಿ ಸುಳಿ ಏಳುತ್ತದೆ, ಅದು ಸೈಲೆನ್ಸರಿನ ಹೊಗೆಯನ್ನು ತೆರೆದ ಕಿಟಕಿಯೊಳಗೆ ಸೆಳೆಯುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮೋಟಾರಿಗೆ ನೇರ ಕರೆಂಟ್ ಕೊಟ್ಟಾದರೂ ಗಾಜನ್ನು ಮೇಲಕ್ಕೇರಿಸಿ ನಿಲ್ಲಿಸಿ.

ಎಲ್ಲ ಸರಿಯಾದ ಮೇಲೆ ಮುಚ್ಚಳ ಹಾಕುವ ಮುನ್ನವೇ ಗಾಜನ್ನು ಕೆಲವು ಸಲ ಪೂರ್ತಿ ಏರಿಸಿ ಇಳಿಸಿ, ಮುಂದಿನ ಸ್ವಿಚ್ಚಿನಿಂದಲೂ ಬೀಗದ ಕೀಲಿಯಿಂದಲೂ. ನೇರ ಕರೆಂಟ್ ಕೊಟ್ಟಾಗ ಏನಾಯಿತು, ಸ್ವಿಚ್ ಒತ್ತಿದಾಗ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬಂತು ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.