ನಿಮ್ಮ ಪ್ರಶ್ನೆ, ನನ್ನ ಒಲೆ: ಹಸಿರು ದಂಟು, ಸಾಸಿವೆ ಘಾಟು

ಪ್ರಶ್ನೆ: ಅಕ್ಕಾ, ಮೊದಲ ಸಲ ಆಸ್ಪರಾಗಸ್ ಅನ್ನುವ ಹಸಿರು ದಂಟಿನ ತರಕಾರಿ ತಂದು ಸಲಾಡ್ ಮಾಡಿದೆ. ಹತ್ತು ನಿಮಿಷ ಬೇಯಿಸಿದೆ. ಸಾಸಿವೆ ಪೇಸ್ಟ್, ವಿನೆಗರ್, ಎಣ್ಣೆ ಕಲಸಿ ಸುರಿದೆ. ತಣ್ಣಗಿರಲಿ ಅಂತ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟೆ. ತೆಗೆದು ನೋಡಿದರೆ ಹಸಿರು ಹೋಗಿ ಕಂದು ಬಣ್ಣ ಬಂದಿತ್ತು. ತುದಿ ಮುದ್ದೆ, ಬುಡ ಜಗಿದಷ್ಟೂ ನಾರು. ತಟ್ಟೆಯ ತಳದಲ್ಲಿ ನೀರು ನಿಂತು, ಎಣ್ಣೆ ಅದರ ಮೇಲೆ ತೇಲುತ್ತಿತ್ತು. ಮನೆಯವರು ಏನೂ ಹೇಳದೆ ತಿಂದರು. ಅದೇ ಹೆಚ್ಚು ಬೇಜಾರಾಯಿತು. ಎಲ್ಲಿ ತಪ್ಪಿದೆ?

ಉತ್ತರ: ಏನೂ ಹೇಳದೆ ತಿಂದವರನ್ನು ಚೆನ್ನಾಗಿ ನೋಡಿಕೊಳ್ಳಿ, ಅಂಥವರು ಸಿಗುವುದು ಕಷ್ಟ. ನಾನು ಒಮ್ಮೆ ಹನ್ನೆರಡು ಜನ ಊಟಕ್ಕೆ ಬರುತ್ತಾರೆಂದು ಇದೇ ಸಲಾಡನ್ನು ಬೆಳಿಗ್ಗೆಯೇ ಕಲಸಿಟ್ಟಿದ್ದೆ. ಮಧ್ಯಾಹ್ನ ಬಡಿಸಿದಾಗ ಒಬ್ಬರು ತುಂಬ ಮರ್ಯಾದೆಯಿಂದ, ‘ಇದು ಮೊದಲು ಯಾವ ತರಕಾರಿ ಆಗಿತ್ತು?’ ಅಂದರು. ಆಮೇಲಿಂದ ನಾನು ಡ್ರೆಸ್ಸಿಂಗ್ ಸುರಿಯುವುದು ಎಲ್ಲರೂ ಕುರ್ಚಿಯಲ್ಲಿ ಕೂತ ಮೇಲೇ.

ನಿಮ್ಮ ಬಣ್ಣ ಕೆಡಿಸಿದ್ದು ಹುಳಿ. ದಂಟಿನ ಹಸಿರಿಗೆ ವಿನೆಗರ್ ಆಗಲಿ, ನಿಂಬೆರಸವಾಗಲಿ ತಾಗಿದರೆ ಅದು ನಿಧಾನವಾಗಿ ಕಂದು ತಿರುಗುತ್ತದೆ. ಹತ್ತು ನಿಮಿಷದ ಕುದಿತ ಮೊದಲೇ ಅರ್ಧ ಕೆಲಸ ಮಾಡಿತ್ತು, ಏಕೆಂದರೆ ತರಕಾರಿಯೊಳಗೇ ಸ್ವಲ್ಪ ಹುಳಿ ಇರುತ್ತದೆ, ಬೇಯುತ್ತ ಅದು ಹೊರಬರುತ್ತದೆ. ಅದಕ್ಕೇ ಪಾತ್ರೆಗೆ ಮುಚ್ಚಳ ಹಾಕಬೇಡಿ, ನೀರು ಜಾಸ್ತಿ ಇಡಿ. ಚಿಟಿಕೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಸಿರು ಉಳಿಯುವುದು ನಿಜ, ಆದರೆ ದಂಟು ಗಂಜಿಯಾಗುತ್ತದೆ.

ಬುಡದ ವಿಷಯಕ್ಕೆ ಬರೋಣ. ದಂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಒಂದು ಕಡೆ ಪಟ್ಟನೆ ಮುರಿಯುತ್ತದೆ, ಅದರ ಕೆಳಗಿನದನ್ನು ಬಿಸಾಡಿ ಅನ್ನುತ್ತಾರೆ. ನನಗೆ ಈ ಪದ್ಧತಿ ಅಷ್ಟು ಹಿಡಿಸುವುದಿಲ್ಲ. ಎಲ್ಲಿ ಹಿಡಿದಿರಿ ಅನ್ನುವುದರ ಮೇಲೆ ಎಲ್ಲಿ ಮುರಿಯುತ್ತದೆ ಅನ್ನುವುದೂ ಬದಲಾಗುತ್ತದೆ, ಎಷ್ಟೋ ಸಲ ಒಳ್ಳೆಯ ಭಾಗವೂ ಕಸದ ಬುಟ್ಟಿಗೆ ಹೋಗುತ್ತದೆ. ನಾನು ಬುಡದಲ್ಲಿ ಬೆಳ್ಳಗೆ ಗಟ್ಟಿಯಾಗಿರುವ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಉಳಿದ ಕೆಳಭಾಗದ ಸಿಪ್ಪೆಯನ್ನು ತೆಳ್ಳಗೆ ಹೆರೆಯುತ್ತೇನೆ. ನಾರಿರುವುದು ಆ ಸಿಪ್ಪೆಯಲ್ಲೇ. ಪೆನ್ಸಿಲ್‌ಗಿಂತ ಸಣ್ಣ ದಂಟಿಗೆ ಈ ಶ್ರಮ ಬೇಡ.

ಈಗ ಬೇಯಿಸುವುದು. ಅರ್ಧ ಕಿಲೋ ದಂಟಿಗೆ ಎರಡು ಮೂರು ಲೀಟರ್ ನೀರು, ಧಾರಾಳ ಉಪ್ಪು. ನೀರು ಕೊತಕೊತ ಕುದಿಯುವಾಗ ಹಾಕಬೇಕು. ಪೆನ್ಸಿಲ್ ದಪ್ಪದ್ದಕ್ಕೆ 2 ನಿಮಿಷ, ಬೆರಳು ದಪ್ಪದ್ದಕ್ಕೆ 3ರಿಂದ 4. ರೋಮಿನ ಅಗಸ್ಟಸ್ ಚಕ್ರವರ್ತಿ ಬೇಗ ಮುಗಿಯಬೇಕಾದ ಕೆಲಸಕ್ಕೆ ‘ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ’ ಅನ್ನುತ್ತಿದ್ದನಂತೆ. ನೀವು ಹತ್ತು ನಿಮಿಷ ಬೇಯಿಸಿದ್ದು ಕೇಳಿದ್ದರೆ ಏನನ್ನುತ್ತಿದ್ದನೋ! ಒಂದನ್ನು ಚಿಮಟದಲ್ಲಿ ಎತ್ತಿ ಹಿಡಿದು ನೋಡಿ. ಸ್ವಲ್ಪ ಬಾಗಬೇಕು, ಜೋತು ಬೀಳಬಾರದು. ಕೂಡಲೇ ಐಸ್ ನೀರಿಗೆ ಹಾಕಿ, ಎರಡು ನಿಮಿಷಕ್ಕೆ ತೆಗೆಯಿರಿ. ಅಲ್ಲೇ ನೆನೆಯಲು ಬಿಟ್ಟರೆ ರುಚಿ ನೀರಿಗೆ ಹೋಗುತ್ತದೆ.

ಆಮೇಲೆ ಒರೆಸಬೇಕು. ಇದನ್ನು ಯಾರೂ ಸರಿಯಾಗಿ ಮಾಡುವುದಿಲ್ಲ. ಸುಮ್ನೆ ಜರಡಿಯಲ್ಲಿ ಸೋಸಿದರೆ ಸಾಲದು. ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಮೆಲ್ಲಗೆ ಒತ್ತಿ. ತುದಿಯ ಮೊಗ್ಗಿನ ಸಂದಿಯಲ್ಲಿ ನೀರು ಅವಿತಿರುತ್ತದೆ. ನಿಮ್ಮ ತಟ್ಟೆಯ ತಳದಲ್ಲಿ ನಿಂತದ್ದರಲ್ಲಿ ಹೆಚ್ಚಿನ ಪಾಲು ಇದೇ ಇರಬೇಕು. ಒದ್ದೆ ದಂಟಿಗೆ ಎಣ್ಣೆ ಅಂಟುವುದಿಲ್ಲ, ಜಾರಿಹೋಗುತ್ತದೆ.

ಡ್ರೆಸ್ಸಿಂಗ್‌ಗೆ ಮುಚ್ಚಳವಿರುವ ಸಣ್ಣ ಗಾಜಿನ ಬಾಟಲಿ ಸಾಕು. ಒಂದು ದೊಡ್ಡ ಚಮಚ ವಿನೆಗರ್, ಒಂದು ಸಣ್ಣ ಚಮಚ ತುಂಬ ಸಾಸಿವೆ ಪೇಸ್ಟ್, ಉಪ್ಪು, ಕಾಳುಮೆಣಸಿನ ಪುಡಿ, ಅರ್ಧ ಸಣ್ಣ ಚಮಚ ಜೇನು. ಮೊದಲು ಇಷ್ಟನ್ನು ಕುಲುಕಿ, ಉಪ್ಪು ಕರಗಲಿ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಅದಕ್ಕೇ ಈ ಕ್ರಮ. ಆಮೇಲೆ ಮೂರು ದೊಡ್ಡ ಚಮಚ ಎಣ್ಣೆಯನ್ನು ಒಂದೊಂದೇ ಚಮಚ ಹಾಕಿ ಪ್ರತಿ ಸಲ ಜೋರಾಗಿ ಕುಲುಕಿ. ಸಾಸಿವೆ ಇಲ್ಲಿ ರುಚಿಗಷ್ಟೇ ಅಲ್ಲ. ಅದರ ಸಿಪ್ಪೆಯಲ್ಲಿರುವ ಅಂಟು ಎಣ್ಣೆಯ ಹನಿಗಳನ್ನು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಹಾಗಾಗಿ ಎಣ್ಣೆಯೂ ವಿನೆಗರೂ ಬೇರೆಯಾಗದೆ ಕೆನೆಯ ಹಾಗೆ ನಿಲ್ಲುತ್ತವೆ. ಎಲ್ಲ ಕಾಲಕ್ಕೂ ನಿಲ್ಲುವುದಿಲ್ಲ, ಅಲ್ವಾ? ಒಡೆದರೆ ಇನ್ನೊಮ್ಮೆ ಕುಲುಕಿದರಾಯಿತು.

ತಣ್ಣಗೇ ಬೇಕಿದ್ದರೆ ಒರೆಸಿದ ದಂಟನ್ನೂ ಬಾಟಲಿಯನ್ನೂ ಬೇರೆ ಬೇರೆ ಇಡಿ. ಬೇಯಿಸಿದ ಮೊಟ್ಟೆಯನ್ನು ತುರಿದು ಮೇಲೆ ಉದುರಿಸಿದರೆ ನನಗೆ ಬೇರೇನೂ ಬೇಡ.

ಪ್ರಶ್ನೆ: ಸಾಸಿವೆ ಪೇಸ್ಟ್ ಇರಲಿಲ್ಲ. ಸಾಸಿವೆಯನ್ನೇ ಪುಡಿ ಮಾಡಿ ಬಿಸಿನೀರಿನಲ್ಲಿ ಕಲಸಿದೆ. ಕಹಿ ಬಂತು, ಘಾಟು ಬರಲಿಲ್ಲ. ಸಾಸಿವೆ ಹಳೆಯದಾ?

ಉತ್ತರ: ಸಾಸಿವೆಯನ್ನು ಬೈಯಬೇಡಿ, ಬಿಸಿನೀರನ್ನು ಬೈಯಿರಿ. ಇಡೀ ಕಾಳಿನಲ್ಲಿ ಘಾಟು ಇರುವುದೇ ಇಲ್ಲ. ಕಾಳು ಒಡೆದು ನೀರು ಸೇರಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರುಮಾಡಿ, ಆಗಷ್ಟೇ ಘಾಟನ್ನು ಹುಟ್ಟಿಸುತ್ತದೆ. ಜಾಸ್ತಿ ಬಿಸಿ ತಾಗಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಮೂಗಿಗೆ ಹೊಡೆಯುವ ಹಾಗಾದ ಮೇಲೆ ವಿನೆಗರ್ ಸೇರಿಸಿ. ಮೊದಲೇ ವಿನೆಗರ್ ಹಾಕಿದರೆ ಕಿಣ್ವ ಮಂಕಾಗುತ್ತದೆ, ಆಮೇಲೆ ಹಾಕಿದರೆ ಬಂದ ಘಾಟು ಬೇಗ ಇಳಿಯುವುದಿಲ್ಲ. ಮೂಗಿಗೇರುವುದು ಕಪ್ಪು, ಕಂದು ಸಾಸಿವೆ. ಹಳದಿಯದು ನಾಲಿಗೆಯ ಮೇಲೇ ಖಾರ ತೋರಿಸಿ ಸುಮ್ಮನಾಗುತ್ತದೆ. ಈ ಸಲಾಡಿಗೆ ಎರಡನ್ನೂ ಅರ್ಧರ್ಧ ಹಾಕುವುದು ನನ್ನ ಅಭ್ಯಾಸ.

ಪ್ರಶ್ನೆ: ಸಣ್ಣ ದಂಟೇ ಎಳೆಯದು ಅಂತ ಆರಿಸಿ ತರುತ್ತೇನೆ. ಸರಿ ತಾನೇ?

ಉತ್ತರ: ಅಲ್ಲ. ದಂಟು ಬೆಳೆಯುತ್ತ ದಪ್ಪವಾಗುವುದಿಲ್ಲ. ನೆಲದಿಂದ ಏಳುವಾಗಲೇ ಅದರ ದಪ್ಪ ತೀರ್ಮಾನವಾಗಿರುತ್ತದೆ. ಗಟ್ಟಿಮುಟ್ಟಾದ ಬೇರಿನಿಂದ ದಪ್ಪ ದಂಟು ಬರುತ್ತದೆ, ಅದೂ ಎಳೆಯದೇ. ಎಲ್ಲ ಒಂದೇ ದಪ್ಪದ್ದು ಆರಿಸಿ, ಒಟ್ಟಿಗೆ ಬೇಯಲಿ. ತುದಿ ಬಿಗಿಯಾಗಿ ಮುಚ್ಚಿರಬೇಕು, ಕತ್ತರಿಸಿದ ಬುಡ ಒಣಗಿರಬಾರದು. ಮನೆಗೆ ತಂದ ಮೇಲೆ ಲೋಟದಲ್ಲಿ ಎರಡು ಬೆರಳು ನೀರು ಹಾಕಿ ಹೂವಿನ ಹಾಗೆ ನಿಲ್ಲಿಸಿ, ಮೇಲೆ ಕವರ್ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕಿತ್ತ ಗಳಿಗೆಯಿಂದಲೇ ಅದರ ಸಿಹಿ ಇಳಿಯುತ್ತ, ನಾರು ಏರುತ್ತ ಹೋಗುತ್ತದೆ. ತಡ ಮಾಡಬೇಡಿ.

ಪ್ರಶ್ನೆ: ಬಿಳಿ ಆಸ್ಪರಾಗಸ್ ಬೇರೆ ಗಿಡವಾ?

ಉತ್ತರ: ಅದೇ ಗಿಡ. ಬಿಸಿಲು ಕಾಣದಂತೆ ಮಣ್ಣು ಏರಿಸಿ ಬೆಳೆಸುತ್ತಾರೆ, ಹಸಿರು ಬರುವುದಿಲ್ಲ. ತುದಿ ಬಿಟ್ಟು ಪೂರ್ತಿ ಸಿಪ್ಪೆ ಹೆರೆಯಬೇಕು, ಹೆಚ್ಚು ಹೊತ್ತು ಬೇಯಿಸಬೇಕು. ನೇರಳೆ ಬಣ್ಣದ್ದೂ ಇದೆ. ಚಂದ ನೋಡಿ ತಂದರೆ ಬೇಯಿಸಿದ ಮೇಲೆ ಅದೂ ಹಸಿರೇ.

ಪ್ರಶ್ನೆ: ಕೇಳಲು ನಾಚಿಕೆ. ಇದನ್ನು ತಿಂದ ಮೇಲೆ ಮೂತ್ರಕ್ಕೆ ಏನೋ ವಾಸನೆ. ಕಾಯಿಲೆಯಾ? ನಮ್ಮ ಯಜಮಾನರು ತಮಗೆ ಅಂಥದ್ದೇನೂ ಇಲ್ಲ ಅಂತಾರೆ.

ಉತ್ತರ: ಕಾಯಿಲೆ ಅಲ್ಲ. ಈ ದಂಟಿನಲ್ಲಿ ಆಸ್ಪರಾಗಸಿಕ್ ಆಮ್ಲ ಅಂತ ಒಂದಿದೆ. ಅದು ದೇಹದಲ್ಲಿ ಒಡೆದಾಗ ಗಂಧಕದ ವಾಸನೆಯ ವಸ್ತುಗಳಾಗಿ ಹೊರಗೆ ಹೋಗುತ್ತದೆ, ಕೆಲವು ಗಂಟೆಗಳಲ್ಲಿ ತಾನೇ ನಿಲ್ಲುತ್ತದೆ. ಆ ವಾಸನೆ ಮೂಗಿಗೆ ಗೊತ್ತೇ ಆಗದವರು ತುಂಬ ಜನ ಇದ್ದಾರೆ, ಅದು ಹುಟ್ಟಿನಿಂದ ಬಂದದ್ದು. ಯಜಮಾನರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಮುಂದಿನ ಸಲ ಅವರು ಬಚ್ಚಲಿಂದ ಬಂದ ಮೇಲೆ ನೀವು ಹೋಗಿ, ತಿಳಿಯುತ್ತದೆ.